ಎಲೆಕ್ಟ್ರಿಕ್ ಗಿಟಾರ್ ಕೊಳ್ಳುವಾಗ: ದೇಶದ ಹೆಸರನ್ನು ಎಷ್ಟು ನಂಬಬೇಕು, ಏನನ್ನು ಕೈಯಾರೆ ಪರೀಕ್ಷಿಸಬೇಕು

ಫೆಂಡರ್ ಕಂಪನಿಯ ಹೆಸರಾಂತ ಸ್ಟ್ರಾಟೋಕ್ಯಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಆಕಾರದ ಮೂರು ಗಿಟಾರ್‌ಗಳನ್ನು ಅಂಗಡಿಯ ಗೋಡೆಯಿಂದ ಇಳಿಸಿ ಪಕ್ಕಪಕ್ಕ ಇಡಿ. ಒಂದು ಕ್ಯಾಲಿಫೋರ್ನಿಯಾದ ಕೊರೋನಾದಲ್ಲಿ ತಯಾರಾದ ಫೆಂಡರ್, ಇನ್ನೊಂದು ಮೆಕ್ಸಿಕೋದ ಎನ್ಸೆನಾಡಾದಿಂದ ಬಂದ ಫೆಂಡರ್, ಮೂರನೆಯದು ಇಂಡೋನೇಷ್ಯಾದಲ್ಲಿ ತಯಾರಾದ ಸ್ಕ್ವಯರ್, ಅಂದರೆ ಫೆಂಡರ್‌ನದೇ ಅಗ್ಗದ ಬ್ರ್ಯಾಂಡ್. ಐದು ಅಡಿ ದೂರದಿಂದ ನೋಡಿದರೆ ಮೂರೂ ಒಂದೇ. ಬೆಲೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆ ಬೆಲೆಯಲ್ಲಿ ಎಷ್ಟು ಪಾಲು ಕಿವಿಗೆ ಕೇಳಿಸುತ್ತದೆ, ಎಷ್ಟು ಕೈಗೆ ಸಿಗುತ್ತದೆ, ಎಷ್ಟು ಬರೀ ಹೆಸರಿಗೆ ಹೋಗುತ್ತದೆ ಎಂಬುದನ್ನು ಅಂಗಡಿಯಲ್ಲೇ ಅರ್ಧ ಗಂಟೆಯಲ್ಲಿ ಕಂಡುಕೊಳ್ಳಬಹುದು. ಅದಕ್ಕೆ ಬೇಕಾದ ಅಳತೆಗಳೂ ಪರೀಕ್ಷೆಗಳೂ ಇಲ್ಲಿವೆ.

ದೇಶದ ಹೆಸರಿನಲ್ಲಿ ಏನಿದೆ

ಫೆಂಡರ್ ಕಂಪನಿ ಎನ್ಸೆನಾಡಾದ ಕಾರ್ಖಾನೆ ತೆರೆದದ್ದು 1987ರಲ್ಲಿ. ಕೊರೋನಾದಿಂದ ಅಲ್ಲಿಗೆ ಸುಮಾರು 300 ಕಿ.ಮೀ. ದಾರಿ, ನಡುವೆ ಒಂದು ಗಡಿ. ಇವತ್ತು ಎರಡೂ ಕಡೆ ಬಾಡಿಯನ್ನೂ (ಗಿಟಾರ್‌ನ ಒಡಲು) ನೆಕ್ಕನ್ನೂ (ಬೆರಳಾಡಿಸುವ ಉದ್ದ ಕತ್ತು) ಕೊರೆಯುವುದು ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರಗಳೇ. ಯಂತ್ರಕ್ಕೆ ತಾನಿರುವ ದೇಶ ಗೊತ್ತಿಲ್ಲ. ಫರಕು ಬರುವುದು ಯಂತ್ರದಿಂದ ಹೊರಬಂದ ಮೇಲೆ: ನೆಕ್ಕಿಗೆ ಅಡ್ಡಲಾಗಿ ಕೂರುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳ ಅಂಚು ಉಜ್ಜಲು ಎಷ್ಟು ನಿಮಿಷ ಕೊಟ್ಟರು, ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ನಟ್‌ನ ಸೀಳುಗಳನ್ನು ಎಷ್ಟು ಆಳಕ್ಕೆ ಕೊರೆದರು, ಯಾವ ಪಿಕಪ್ (ತಂತಿಯ ಕಂಪನ ಹಿಡಿಯುವ ಭಾಗ), ಯಾವ ಪಾಟ್ (ವಾಲ್ಯೂಮ್, ಟೋನ್ ತಿರುಗಣೆಗಳ ಅಡಿಯ ಭಾಗ), ಯಾವ ಬ್ರಿಡ್ಜ್ (ಬಾಡಿಯ ಮೇಲೆ ತಂತಿ ಕೂರುವ ಭಾಗ) ಹಾಕಿದರು. ಕೂಲಿ ದುಬಾರಿಯಾದ ದೇಶದಲ್ಲಿ ಈ ಕೈಕೆಲಸದ ಪ್ರತಿ ನಿಮಿಷವೂ ದುಬಾರಿ, ಹಾಗಾಗಿ ಅಲ್ಲಿ ಕಂಪನಿ ತನ್ನ ಮೇಲ್ದರ್ಜೆಯ ಮಾದರಿಗಳನ್ನಷ್ಟೇ ಮಾಡುತ್ತದೆ. ಕೂಲಿ ಕಡಿಮೆ ಇರುವಲ್ಲಿ ಅಗ್ಗದ ಮಾದರಿಗಳನ್ನು ಮಾಡಿಸುತ್ತದೆ, ಬಿಡಿಭಾಗಗಳಲ್ಲೂ ಉಳಿಸುತ್ತದೆ. ಜನ ದೇಶದ ಹೆಸರಿನಲ್ಲಿ ಓದುವುದು ನಿಜವಾಗಿ ಈ ದರ್ಜೆಯನ್ನು.

ಇತಿಹಾಸವೂ ಇದನ್ನೇ ಹೇಳುತ್ತದೆ. 1965ರಲ್ಲಿ ಸಿಬಿಎಸ್ ಕಂಪನಿ ಫೆಂಡರ್ ಅನ್ನು ಕೊಂಡಿತು. 1971ರ ಕೊನೆಯ ಹೊತ್ತಿಗೆ ಸ್ಟ್ರಾಟ್‌ನ ನೆಕ್ಕನ್ನು ನಾಲ್ಕರ ಬದಲು ಮೂರು ಸ್ಕ್ರೂಗಳಲ್ಲಿ ಹಿಡಿಸುವ ವಿನ್ಯಾಸ ಬಂತು. ಬಿಗಿಯಾಗಿ ಕೂರದ ನೆಕ್ಕಿಗೆ, ಭಾರದ ಬಾಡಿಗೆ ಆ ಕಾಲದ ಗಿಟಾರ್‌ಗಳು ಹೆಸರಾದವು. ಅವು ಅಪ್ಪಟ ಅಮೆರಿಕದವೇ. 1982ರಲ್ಲಿ ಫೆಂಡರ್ ಜಪಾನಿನ ಮಾತ್ಸುಮೊಟೊ ಊರಿನ ಫೂಜಿಗೆನ್ ಕಾರ್ಖಾನೆಯಲ್ಲಿ ಗಿಟಾರ್ ಮಾಡಿಸತೊಡಗಿತು. ಆಗಿನ 'ಜೆವಿ' ಸರಣಿಯ ಸ್ಕ್ವಯರ್‌ಗಳನ್ನು ಇವತ್ತಿಗೂ ಹುಡುಕಿ ಕೊಳ್ಳುವವರಿದ್ದಾರೆ. ಅದಕ್ಕೆ ಹತ್ತು ವರ್ಷ ಮುಂಚೆ ಜಪಾನಿನ ಗಿಟಾರ್ ಎಂದರೆ ಅಗ್ಗದ ನಕಲು ಎಂದೇ ಅರ್ಥವಿತ್ತು. ಕೊರಿಯಾದ್ದೂ ಅದೇ ದಾರಿ, ಈಗ ಇಂಡೋನೇಷ್ಯಾದ ಸರದಿ. ಅಮೆರಿಕದ ಪಿಆರ್‌ಎಸ್ ಕಂಪನಿಯ ಕಡಿಮೆ ಬೆಲೆಯ ಎಸ್‌ಇ ಸರಣಿ ಕೊರಿಯಾ ಬಿಟ್ಟು ಇಂಡೋನೇಷ್ಯಾದ ಸುರಬಾಯಾಗೆ ಹೋಯಿತು. ಅದರಿಂದ ಕಟ್ಟುವಿಕೆ ಕೆಟ್ಟಿತೆಂಬ ಮಾತು ಹೆಚ್ಚಾಗಿ ಕೇಳಿಬರಲಿಲ್ಲ.

ತಯಾರಿಯ ದೇಶ ತಿಳಿಯಲು ಸೀರಿಯಲ್ ಸಂಖ್ಯೆ ನೋಡಿ. ಈಚಿನ ಫೆಂಡರ್‌ಗಳಲ್ಲಿ 'ಯುಎಸ್' ಎಂದು ಶುರುವಾದರೆ ಅಮೆರಿಕ, 'ಎಂಎಕ್ಸ್' ಎಂದಿದ್ದರೆ ಮೆಕ್ಸಿಕೋ, ಸ್ಕ್ವಯರ್‌ನಲ್ಲಿ 'ಐಸಿಎಸ್' ಎಂದಿದ್ದರೆ ಇಂಡೋನೇಷ್ಯಾ. ನೋಡಿ, ಬರೆದಿಟ್ಟುಕೊಳ್ಳಿ, ಆಮೇಲೆ ಅದನ್ನು ಪಕ್ಕಕ್ಕಿಟ್ಟು ಗಿಟಾರ್ ಕೈಗೆತ್ತಿಕೊಳ್ಳಿ.

ಟೋನ್ ಎಲ್ಲಿಂದ ಬರುತ್ತದೆ

ಪಿಕಪ್ ಮೈಕ್ ಅಲ್ಲ. ಅಯಸ್ಕಾಂತದ ಮೇಲೆ ಉಕ್ಕಿನ ತಂತಿ ಕಂಪಿಸಿದಾಗ ಸುರುಳಿಯಲ್ಲಿ ಹುಟ್ಟುವ ವೋಲ್ಟೇಜನ್ನಷ್ಟೇ ಅದು ಆಂಪ್‌ಗೆ (ಸದ್ದು ಹಿಗ್ಗಿಸುವ ಆಂಪ್ಲಿಫೈಯರ್) ಕಳಿಸುತ್ತದೆ. ಹಾಗಾಗಿ ಟೋನಿನ ಮೇಲೆ ಪರಿಣಾಮದ ಸಾಲು ನಮ್ಮ ಲೆಕ್ಕದಲ್ಲಿ ಹೀಗಿದೆ: ಆಂಪ್ ಮತ್ತು ಸ್ಪೀಕರ್, ಪಿಕಪ್ ಮತ್ತು ಅದರ ಎತ್ತರ, ಪಾಟ್ ಮತ್ತು ಕೇಬಲ್, ತಂತಿ, ತಂತಿ ಕೂರುವ ಎರಡು ತುದಿಗಳು ಅಂದರೆ ನಟ್ ಅಥವಾ ಫ್ರೆಟ್ ಒಂದು ಕಡೆ, ಬ್ರಿಡ್ಜ್ ಇನ್ನೊಂದು ಕಡೆ. ಬಾಡಿಯ ಮರ ಇವೆಲ್ಲದರ ಹಿಂದೆ ಬರುತ್ತದೆ. ಮರದ ತೂಕ ನಿಮ್ಮ ಭುಜಕ್ಕೆ ತಿಳಿಯುವಷ್ಟು ಆಂಪ್‌ಗೆ ತಿಳಿಯುವುದಿಲ್ಲ.

ಕೇಬಲ್‌ನ ಒಂದು ಲೆಕ್ಕ ನೋಡಿದರೆ ಈ ಸಾಲು ಮನದಟ್ಟಾಗುತ್ತದೆ. ಸ್ಟ್ರಾಟ್ ಪಿಕಪ್‌ನ ಇಂಡಕ್ಟೆನ್ಸ್ ಸುಮಾರು 2.4 ಹೆನ್ರಿ. ಸಾಧಾರಣ ಕೇಬಲ್‌ನ ಕೆಪ್ಯಾಸಿಟೆನ್ಸ್ ಮೀಟರಿಗೆ 100 ಪಿಕೋಫ್ಯಾರಡ್‌ನಷ್ಟು, ಪಿಕಪ್‌ನದೇ ಇನ್ನೊಂದು 100 ಸೇರಿಸಿ. 5 ಮೀಟರ್ ಕೇಬಲ್‌ನಲ್ಲಿ ಅನುರಣನದ ಶಿಖರ (ಪಿಕಪ್ ಅತಿ ಜೋರಾಗಿ ಕಳಿಸುವ ಕಂಪನ) 4,200 ಹರ್ಟ್ಸ್ ಹತ್ತಿರ ಕೂರುತ್ತದೆ, 10 ಮೀಟರ್ ಹಾಕಿದರೆ 3,100ಕ್ಕೆ ಇಳಿಯುತ್ತದೆ. ಅದೇ ಗಿಟಾರ್ ಮಂಕಾಗಿ ಕೇಳುತ್ತದೆ. ದೇಶ ಬದಲಾಗಲಿಲ್ಲ, ಮರ ಬದಲಾಗಲಿಲ್ಲ, ಕೇಬಲ್ ಐದು ಮೀಟರ್ ಉದ್ದವಾಯಿತು ಅಷ್ಟೆ.

ಫ್ರೆಟ್‌ಬೋರ್ಡಿನ ಮರದ ಬಗ್ಗೆ ನಮ್ಮ ನೆಲಕ್ಕೆ ತಗುಲಿದ ಒಂದು ಮಾತಿದೆ. ಗಿಟಾರ್ ಪ್ರಪಂಚ 'ಇಂಡಿಯನ್ ರೋಸ್‌ವುಡ್' ಎನ್ನುವುದು ನಮ್ಮ ಪಶ್ಚಿಮ ಘಟ್ಟದ ಬೀಟೆ ಮರವನ್ನು. 2017ರ ಜನವರಿಯಲ್ಲಿ, ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟೀಸ್ ಒಪ್ಪಂದದಡಿ ಆ ಕುಲದ ಮರಗಳೆಲ್ಲದರ ದೇಶ ದಾಟುವ ಸಾಗಣೆಗೆ ಪರವಾನಗಿ ಬೇಕಾಯಿತು. ಆಗ ಮೆಕ್ಸಿಕೋದ ಫೆಂಡರ್‌ಗಳಿಗೆ ಪಾವ್ ಫೆರೋ, ಸ್ಕ್ವಯರ್‌ಗಳಿಗೆ ಇಂಡಿಯನ್ ಲಾರೆಲ್ ಎಂಬ ಬೇರೆ ಮರ ಬಂತು. 2019ರ ನವೆಂಬರ್‌ನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಆ ನಡುವಿನ ವರ್ಷಗಳ ಗಿಟಾರ್‌ನಲ್ಲಿ ಬೀಟೆ ಇಲ್ಲವೆಂದರೆ ಅದಕ್ಕೆ ಕಾರಣ ಕಾಗದಪತ್ರ. ಅದನ್ನು ಗುಣಮಟ್ಟದ ಕುಸಿತವೆಂದು ಓದಬೇಡಿ.

ಅಂಗಡಿಗೆ ಏನೇನು ಒಯ್ಯಬೇಕು

ಕೇಪೋ (ತಂತಿಗಳನ್ನು ಫ್ರೆಟ್‌ಗೆ ಒತ್ತಿ ಹಿಡಿಯುವ ಕ್ಲಿಪ್ಪು), ಕ್ಲಿಪ್ ಟ್ಯೂನರ್ (ಶ್ರುತಿ ತೋರಿಸುವ ಸಾಧನ), ಅರ್ಧ ಮಿ.ಮೀ. ಗೆರೆಯಿರುವ ಉಕ್ಕಿನ ಸ್ಕೇಲು, ಒಂದು ಹಳೆಯ ಎಟಿಎಂ ಕಾರ್ಡು, ಸಣ್ಣ ಅಯಸ್ಕಾಂತ, ಮಲ್ಟಿಮೀಟರ್, ಫೀಲರ್ ಗೇಜ್. ಫೀಲರ್ ಗೇಜ್ ಎಂದರೆ ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡಲು ಬಳಸುವ ತಗಡಿನ ಎಲೆಗಳ ಕಟ್ಟು. ಗಿಟಾರ್ ಅಂಗಡಿಯಲ್ಲಿ ದುಬಾರಿ ಬೆಲೆ ಕೊಡಬೇಡಿ, ಬೆಂಗಳೂರಿನವರಿಗೆ ಜೆ.ಸಿ. ರಸ್ತೆಯ ವಾಹನ ಬಿಡಿಭಾಗದ ಅಂಗಡಿಗಳಲ್ಲಿ, ಮಲ್ಟಿಮೀಟರ್ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ನಿಮ್ಮದೇ ಕೇಬಲ್ ಒಯ್ಯಿರಿ.

ಮೊದಲು ಬೆರಳು, ಆಮೇಲೆ ಕಿವಿ

ಹೆಬ್ಬೆರಳನ್ನು ನೆಕ್ಕಿನ ಅಂಚಿನ ಮೇಲಿಟ್ಟು ಮೇಲಿನಿಂದ ಕೆಳಗೆ ನಿಧಾನವಾಗಿ ಎಳೆಯಿರಿ. ಒಳ್ಳೆಯ ನೆಕ್ಕಿನಲ್ಲಿ ಫ್ರೆಟ್ ಇದೆಯೆಂದೇ ತಿಳಿಯದೆ ಬೆರಳು ಜಾರಬೇಕು. ಅಗ್ಗದ್ದರಲ್ಲಿ ಗರಗಸದ ಹಲ್ಲಿನಂತೆ ತರತರ ತಾಗುತ್ತದೆ. ಇದಕ್ಕೆ ಎರಡು ಕಾರಣ. ಅಂಚು ಉಜ್ಜಲು ಸಮಯ ಕೊಡದಿರುವುದು ಒಂದು. ಇನ್ನೊಂದು, ಮರ ಒಣಗಿ ಕುಗ್ಗಿರುವುದು: ಲೋಹದ ಫ್ರೆಟ್ ಕುಗ್ಗುವುದಿಲ್ಲ, ತುದಿ ಹೊರಗೆ ಇಣುಕುತ್ತದೆ. ಹವಾನಿಯಂತ್ರಿತ ಅಂಗಡಿಯಲ್ಲಿ ತಿಂಗಳುಗಟ್ಟಲೆ ತೂಗಿದ ದುಬಾರಿ ಗಿಟಾರ್‌ನಲ್ಲೂ ಇದು ಕಾಣುತ್ತದೆ. ಇದು ಟೋನಿನ ದೋಷವಲ್ಲ, ನಯವಾದ ಅರದಿಂದ ಒಂದೆರಡು ಗಂಟೆಯಲ್ಲಿ ಸರಿಹೋಗುತ್ತದೆ. ಆದರೆ ಆ ಕೂಲಿಯನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿ.

ಈಗ ಗಿಟಾರನ್ನು ಬಂದೂಕಿನಂತೆ ಹಿಡಿದು, ಬ್ರಿಡ್ಜ್ ಕಡೆಯಿಂದ ನೆಕ್ಕಿನ ಎರಡೂ ಅಂಚನ್ನು ಕಣ್ಣಳತೆಯಲ್ಲಿ ನೋಡಿ. ಎರಡೂ ಅಂಚು ಒಂದೇ ತೆರನಾಗಿ ತುಸು ಬಾಗಿದ್ದರೆ ನೆಕ್ಕಿನೊಳಗಿನ ಉಕ್ಕಿನ ಸರಳಾದ ಟ್ರಸ್ ರಾಡ್‌ನಿಂದ ಸರಿಪಡಿಸಬಹುದು. ಒಂದು ಅಂಚು ನೇರ, ಇನ್ನೊಂದು ಬಾಗಿದ್ದರೆ ನೆಕ್ ತಿರುಚಿಕೊಂಡಿದೆ. ಅಂಥದ್ದನ್ನು ಯಾವ ದೇಶದ್ದಾದರೂ ವಾಪಸು ಗೋಡೆಗೇ ನೇತುಹಾಕಿ.

ಎಟಿಎಂ ಕಾರ್ಡಿನ ಉದ್ದದ ಅಂಚನ್ನು ತಂತಿಗಳ ನಡುವೆ 1, 2, 3ನೇ ಫ್ರೆಟ್‌ಗಳ ಮೇಲೆ ನಿಲ್ಲಿಸಿ ಮೆಲ್ಲಗೆ ಅಲುಗಿಸಿ. ತಕ್ಕಡಿಯಂತೆ ಕುಲುಕಿದರೆ ನಡುವಿನ ಫ್ರೆಟ್ ಎದ್ದಿದೆ ಎಂದರ್ಥ. ಅಂಚು ಮೂರೇ ಫ್ರೆಟ್‌ಗಳನ್ನು ಮುಟ್ಟಬೇಕು, ಹಾಗಾಗಿ 7ನೇ ಫ್ರೆಟ್‌ನ ಸುತ್ತಮುತ್ತ ಕಾರ್ಡಿನ ಗಿಡ್ಡ ಅಂಚು ಬಳಸಿ, 12ರ ಮೇಲೆ 40 ಮಿ.ಮೀ.ಗೆ ಕತ್ತರಿಸಿದ ಇನ್ನೊಂದು ತುಂಡು. ಎದ್ದ ಫ್ರೆಟ್‌ನ ಪರಿಣಾಮ ಕಿವಿಗೆ ನೇರವಾಗಿ ಬೀಳುತ್ತದೆ: ಅದರ ಹಿಂದಿನ ಸ್ವರ ಕರಕರ ಎನ್ನುತ್ತದೆ, ಬೇಗ ಸಾಯುತ್ತದೆ, ಅದನ್ನು ತಪ್ಪಿಸಲು ತಂತಿಯನ್ನು ಇಡಿಯಾಗಿ ಎತ್ತರಿಸಬೇಕಾಗುತ್ತದೆ. 'ಈ ಗಿಟಾರ್‌ನಲ್ಲಿ ಸಸ್ಟೇನ್ ಇಲ್ಲ', ಅಂದರೆ ಸ್ವರ ಹೆಚ್ಚು ಹೊತ್ತು ಉಳಿಯುವುದಿಲ್ಲ ಎಂಬ ದೂರಿನ ಹಿಂದೆ ಮರಕ್ಕಿಂತ ಹೆಚ್ಚಾಗಿ ಇಂಥ ಒಂದು ಫ್ರೆಟ್ ಇರುತ್ತದೆ. ಎಲ್ಲೋ ಒಂದೆರಡು ಕುಲುಕಿದರೆ ಸರಿ, ಐದಾರು ಕಡೆ ಕುಲುಕಿದರೆ ಎಲ್ಲ ಫ್ರೆಟ್‌ಗಳನ್ನೂ ಸಮ ಎತ್ತರಕ್ಕೆ ತರುವ ಲೆವಲಿಂಗ್ ಮಾಡಿಸಬೇಕು. ಗಿಬ್ಸನ್ ಕಂಪನಿ ನ್ಯಾಶ್‌ವಿಲ್‌ನಲ್ಲಿ ಈ ಕೆಲಸಕ್ಕೆ ಜರ್ಮನಿಯ ಪ್ಲೆಕ್ ಯಂತ್ರ ಬಳಸುತ್ತದೆ. ಅಗ್ಗದ ಮಾದರಿಗಳಲ್ಲಿ ಮೊದಲು ಉಳಿಸುವುದೇ ಇಲ್ಲಿ.

ಇನ್ನು ನಟ್. ತಂತಿಯನ್ನು 3ನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು, 1ನೇ ಫ್ರೆಟ್‌ನ ಮೇಲೆ ಬೆರಳ ತುದಿಯಿಂದ ತಟ್ಟಿ. 'ಟಿಕ್' ಎಂಬ ಸಣ್ಣ ಸದ್ದು ಬಂದು, ತೆಳು ಕಾಗದದಷ್ಟು ಅಂದರೆ 0.1ರಿಂದ 0.2 ಮಿ.ಮೀ. ಸಂದು ಇದ್ದರೆ ಸರಿಯಾಗಿದೆ. ಸಂದೇ ಇಲ್ಲದಿದ್ದರೆ ಬಿಟ್ಟ ತಂತಿ ಕರಕರ ಎನ್ನುತ್ತದೆ. ಅರ್ಧ ಮಿ.ಮೀ. ಇದ್ದರೆ ಮೊದಲ ಮೂರು ಫ್ರೆಟ್‌ಗಳ ಕಾರ್ಡ್‌ಗಳೆಲ್ಲ (ಒಟ್ಟಿಗೆ ಮೀಟುವ ಸ್ವರಗುಚ್ಛಗಳು) ಏರುಶ್ರುತಿಯಲ್ಲಿ ಕೇಳುತ್ತವೆ, ಏಕೆಂದರೆ ಅಷ್ಟು ದೂರ ಒತ್ತುವಾಗ ತಂತಿ ಹಿಗ್ಗುತ್ತದೆ. ಅಗ್ಗದ ಗಿಟಾರ್‌ಗಳು ಕಾರ್ಖಾನೆಯಿಂದ ಹೊರಡುವುದು ಸಾಮಾನ್ಯವಾಗಿ ಹೀಗೇ, ಏಕೆಂದರೆ ಆಳ ಕೊರೆದು ಕೆಡಿಸುವುದಕ್ಕಿಂತ ಎತ್ತರ ಬಿಡುವುದು ಕಾರ್ಖಾನೆಗೆ ಸುರಕ್ಷಿತ.

ಮುಂದೆ ಜಿ ತಂತಿಯನ್ನು (ಸಣ್ಣ ತಂತಿಯಿಂದ ಮೂರನೆಯದು) ಶ್ರುತಿ ಮಾಡಿ, ನಟ್‌ಗೂ ಶ್ರುತಿಗಾಗಿ ತಿರುಗಿಸುವ ಟ್ಯೂನಿಂಗ್ ಪೆಗ್‌ಗೂ ನಡುವಿನ ತಂತಿಯನ್ನು ಒಮ್ಮೆ ಒತ್ತಿ ಬಿಡಿ. ಶ್ರುತಿ ಏರಿ ಅಲ್ಲೇ ನಿಂತರೆ ತಂತಿ ನಟ್‌ನ ಸೀಳಿನಲ್ಲಿ ಸಿಕ್ಕಿಕೊಳ್ಳುತ್ತಿದೆ. ಇದನ್ನು ಪೆಗ್‌ನ ದೋಷವೆಂದು ತಿಳಿದು ಹೊಸ ಪೆಗ್‌ಗಳಿಗೆ ದುಡ್ಡು ಸುರಿಯುವವರು ಬಹಳ. ಅಗ್ಗದ ಗಿಟಾರ್‌ನ ಮುಚ್ಚಿದ ಪೆಗ್‌ಗಳು ಹೆಚ್ಚಾಗಿ ಚೆನ್ನಾಗಿಯೇ ಇರುತ್ತವೆ. ಪೆನ್ಸಿಲ್ ಸೀಸದ ಪುಡಿಯನ್ನು ಸೀಳಿಗೆ ಸವರಿದರೆ ತಾತ್ಕಾಲಿಕ ಪರಿಹಾರ, ಸೀಳನ್ನು ಸರಿಯಾದ ಅಳತೆಗೆ ಅಗಲಿಸುವುದು ನಿಜವಾದ ಪರಿಹಾರ.

ಆಂಪ್‌ಗೆ ಹಾಕುವ ಮುನ್ನ, ಹಾಕಿದ ಮೇಲೆ

ಆಂಪ್ ಇಲ್ಲದೆ ಪ್ರತಿ ತಂತಿಯ ಪ್ರತಿ ಸ್ವರವನ್ನೂ ಒಮ್ಮೆ ಮೀಟಿ. ಒಂದೆರಡು ಸ್ವರ ಮಾತ್ರ ಬೇಗ ಆರಿಹೋದರೆ ಅಲ್ಲಿ ಫ್ರೆಟ್ ನೋಡಿ. ಟ್ರೆಮೊಲೊದ (ಶ್ರುತಿ ತೂಗಿಸಲು ಅಲುಗುವ ಬ್ರಿಡ್ಜ್) ಹಿಂಬದಿ ಮುಚ್ಚಳ ತೆಗೆಯಲು ಬಿಟ್ಟರೆ ಅಯಸ್ಕಾಂತವನ್ನು ಒಳಗಿನ ಲೋಹದ ಬ್ಲಾಕ್‌ಗೆ ತಾಗಿಸಿ: ಅಂಟಿದರೆ ಉಕ್ಕು, ಅಂಟದಿದ್ದರೆ ಹೆಚ್ಚಾಗಿ ಸತುವಿನ ಎರಕ. ತೆಳುವಾದ ಸತುವಿನ ಬ್ಲಾಕ್‌ನಿಂದ ಪೂರ್ತಿ ಗಾತ್ರದ ಉಕ್ಕಿನ ಬ್ಲಾಕ್‌ಗೆ ಬದಲಿಸಿದಾಗ ಸ್ವರದ ಮೊದಲ ಪೆಟ್ಟು ತುಸು ಗಟ್ಟಿಯಾಗುತ್ತದೆ. ಆದರೆ ಅಗ್ಗದ ಕೆಲವು ಬಾಡಿಗಳು ಸ್ಟ್ರಾಟ್‌ನ ವಾಡಿಕೆಯ 44.5 ಮಿ.ಮೀ.ಗಿಂತ ತೆಳು, ಅಲ್ಲಿ ಪೂರ್ತಿ ಉದ್ದದ ಬ್ಲಾಕ್ ಹಿಂಬದಿಯಿಂದ ಹೊರಚಾಚುತ್ತದೆ. ಅಳೆಯದೆ ಕೊಳ್ಳಬೇಡಿ.

ಆಂಪ್‌ಗೆ ಹಾಕಿ, ಕ್ಲೀನ್ ಚಾನಲ್, ಎಲ್ಲ ತಿರುಗಣೆಗಳೂ ನಡುವಿಗೆ. ಗಿಟಾರ್‌ನ ವಾಲ್ಯೂಮನ್ನು 10ರಿಂದ 1ಕ್ಕೆ ನಿಧಾನವಾಗಿ ಇಳಿಸಿ. ಒಳ್ಳೆಯ ಪಾಟ್ ಹಂತಹಂತವಾಗಿ ಇಳಿಸುತ್ತದೆ, ಕೆಟ್ಟದ್ದು 3ರ ಹತ್ತಿರ ಥಟ್ಟನೆ ಎಲ್ಲವನ್ನೂ ನುಂಗುತ್ತದೆ. ಸೆಲೆಕ್ಟರ್ ಸ್ವಿಚ್ಚನ್ನು ಐದೂ ಜಾಗಕ್ಕೆ ತಿರುಗಿಸಿ, ಜ್ಯಾಕ್‌ನಲ್ಲಿ ಪ್ಲಗ್ಗನ್ನು ಅಲುಗಿಸಿ.

ಕೇಬಲ್‌ನ ಆಂಪ್ ಕಡೆಯ ತುದಿ ಕಳಚಿ, ಪ್ಲಗ್‌ನ ತುದಿಗೂ ಅದರ ಹಿಂದಿನ ಲೋಹದ ಕೊಳವೆಗೂ ಮಲ್ಟಿಮೀಟರ್ ಹಿಡಿಯಿರಿ. ವಾಲ್ಯೂಮ್ 10ರಲ್ಲಿರಲಿ. ಒಂದೊಂದು ಪಿಕಪ್‌ಗೂ ಪ್ರತಿರೋಧ ಓದಿ: ಸ್ಟ್ರಾಟ್‌ನ ಸಿಂಗಲ್ ಕಾಯಿಲ್‌ಗೆ (ಒಂದೇ ಸುರುಳಿಯ ಪಿಕಪ್) 5.5ರಿಂದ 6.5 ಕಿಲೋ ಓಮ್, ಹಳೆಯ ಶೈಲಿಯ ಹಂಬಕರ್‌ಗೆ (ಎರಡು ಸುರುಳಿಯದು) 7.5ರಿಂದ 8.5 ಸಹಜ. ಪಾಟ್ ಸಮಾಂತರದಲ್ಲಿರುವುದರಿಂದ ನಿಜಕ್ಕಿಂತ ತುಸು ಕಡಿಮೆ ಕಾಣುತ್ತದೆ. 250 ಕಿಲೋ ಓಮ್ ಪಾಟ್ ಇದ್ದರೆ 6 ಕಿಲೋ ಓಮ್‌ನ ಪಿಕಪ್ 5.86 ಎಂದು ತೋರಿಸುತ್ತದೆ. ಪಾಟ್‌ನದೇ ಬೆಲೆಯ ಹತ್ತಿರದ ಸಂಖ್ಯೆ ಬಂದರೆ ಪಿಕಪ್‌ನ ವೈರ್ ಕಡಿದಿದೆ, ಪಾರವೇ ಇಲ್ಲದ ಸಂಖ್ಯೆ ಬಂದರೆ ಜ್ಯಾಕ್ ಅಥವಾ ಕೇಬಲ್‌ನ ಕಡೆ ಎಲ್ಲೋ ವೈರ್ ಕಡಿದಿದೆ. ಈ ಸಂಖ್ಯೆ ಟೋನನ್ನು ಹೇಳುವುದಿಲ್ಲ, ಆರೋಗ್ಯವನ್ನಷ್ಟೇ ಹೇಳುತ್ತದೆ.

ಟೋನ್ ಹೇಳುವುದು ಪಿಕಪ್‌ನ ರಚನೆ. ಮೇಲ್ದರ್ಜೆಯ ಸಿಂಗಲ್ ಕಾಯಿಲ್‌ನಲ್ಲಿ ಆರು ಕಂಬಗಳೂ ಸ್ವತಃ ಆಲ್ನಿಕೋ ಎಂಬ ಮಿಶ್ರಲೋಹದ ಅಯಸ್ಕಾಂತಗಳು. ಅಗ್ಗದ್ದರಲ್ಲಿ ಉಕ್ಕಿನ ಕಂಬಗಳು, ಅವುಗಳ ಬುಡಕ್ಕೆ ಅಂಟಿಸಿದ ಸೆರಾಮಿಕ್ ಅಯಸ್ಕಾಂತದ ಪಟ್ಟಿ. ಉಕ್ಕು ಇಂಡಕ್ಟೆನ್ಸ್ ಏರಿಸುತ್ತದೆ, ಅನುರಣನದ ಶಿಖರ ಕೆಳಗಿಳಿಯುತ್ತದೆ, ಗಾಜಿನಂಥ ಆ ಸ್ಟ್ರಾಟ್ ಸದ್ದು ದಪ್ಪವಾಗುತ್ತದೆ. ಇಲ್ಲಿ ಫರಕು ನಿಜ, ಕಿವಿಗೆ ಕೇಳುವಂಥದ್ದು. ಆದರೆ ಅದು ದೇಶದ ಗೆರೆಯ ಮೇಲೆ ಬೀಳುವುದಿಲ್ಲ: ಸ್ಕ್ವಯರ್‌ನಲ್ಲೇ ಅಫಿನಿಟಿ ಸರಣಿಗೆ ಸೆರಾಮಿಕ್, ಕ್ಲಾಸಿಕ್ ವೈಬ್ ಸರಣಿಗೆ ಆಲ್ನಿಕೋ.

ಮನೆಗೆ ತಂದ ಮೇಲೆ ಸೆಟಪ್

ಹೋಲಿಕೆ ಮಾಡುವುದಿದ್ದರೂ ನುಡಿಸುವುದಿದ್ದರೂ, ಅಳತೆಗಳನ್ನು ಸರಿಹೊಂದಿಸುವ ಈ ಕೆಲಸವಿಲ್ಲದೆ ಯಾವ ಗಿಟಾರ್‌ಗೂ ನ್ಯಾಯ ಸಿಗುವುದಿಲ್ಲ. ಹೊಸ ತಂತಿ ಹಾಕಿ, ಗೇಜ್ 9–42 ಅಥವಾ 10–46 (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ), ಪೆಗ್‌ಗೆ ಎರಡು ಮೂರು ಸುತ್ತು ಸಾಕು. ಚೆನ್ನಾಗಿ ಎಳೆದು ಹಿಗ್ಗಿಸಿ, ಶ್ರುತಿ ಮಾಡಿ.

1ನೇ ಫ್ರೆಟ್‌ಗೆ ಕೇಪೋ ಹಾಕಿ, ದಪ್ಪ ಇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್‌ಗೂ ತಂತಿಗೂ ನಡುವೆ ಫೀಲರ್ ಗೇಜ್ ತೂರಿಸಿ. ಫ್ರೆಟ್‌ಬೋರ್ಡಿನ ಅಡ್ಡ ಬಾಗಿನ ತ್ರಿಜ್ಯ 9.5ರಿಂದ 12 ಇಂಚಿನದಾದರೆ 0.25 ಮಿ.ಮೀ. ಇರಲಿ, ಹಳೆಯ ಶೈಲಿಯ 7.25 ಇಂಚಿನದಾದರೆ 0.3. ಹೆಚ್ಚಿದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಕಡಿಮೆಯಿದ್ದರೆ ಸಡಿಲಿಸಿ. ಒಮ್ಮೆಗೆ ಕಾಲು ಸುತ್ತು ಮಾತ್ರ, ಮತ್ತೆ ಶ್ರುತಿ ಮಾಡಿ ಅಳೆಯಿರಿ. ಅಲೆನ್ ಕೀ ಅಳತೆಯಲ್ಲಿ ಎಚ್ಚರ: ಅಮೆರಿಕದ ಈಚಿನ ಫೆಂಡರ್‌ಗಳಿಗೆ 1/8 ಇಂಚು, ಮೆಕ್ಸಿಕೋದವಕ್ಕೆ 3/16 ಇಂಚು, ಏಷ್ಯಾದ ಗಿಟಾರ್‌ಗಳಿಗೆ ಹೆಚ್ಚಾಗಿ 4 ಅಥವಾ 5 ಮಿ.ಮೀ. ಹತ್ತಿರದ ಅಳತೆಯ ಕೀ ಹಾಕಿ ತಿರುಗಿಸಿದರೆ ಒಳಗಿನ ಆರು ಮೂಲೆಗಳು ಸವೆದು ದುಂಡಗಾಗುತ್ತವೆ, ಆಮೇಲೆ ಆ ನೆಕ್ಕಿಗೆ ದೊಡ್ಡ ಖರ್ಚು.

ಮುಂದೆ ನಟ್, ಮೇಲೆ ಹೇಳಿದಂತೆ. ಆಮೇಲೆ ಬ್ರಿಡ್ಜ್‌ನಲ್ಲಿ ತಂತಿಯ ಎತ್ತರ: 17ನೇ ಫ್ರೆಟ್‌ನ ಮೇಲೆ 1.6 ಮಿ.ಮೀ. 12ನೇ ಫ್ರೆಟ್‌ನಲ್ಲಿ ಒತ್ತಿದ ಸ್ವರ ಅಲ್ಲಿನ ಹಾರ್ಮೋನಿಕ್‌ಗಿಂತ (ತಂತಿಯನ್ನು ಒತ್ತದೆ ಬರೀ ತಾಗಿ ಮೀಟಿದ ಸ್ವರ) ಏರಿದ್ದರೆ ಬ್ರಿಡ್ಜ್‌ನಲ್ಲಿ ತಂತಿ ಕೂರುವ ಸ್ಯಾಡಲನ್ನು ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ ಸರಿಸಿ.

ಕೊನೆಗೆ ಪಿಕಪ್ ಎತ್ತರ. ಖರ್ಚಿಲ್ಲದೆ ಟೋನ್ ಬದಲಿಸುವ ಅತಿ ದೊಡ್ಡ ತಿರುಪು ಇದೇ, ಆದರೂ ಹೆಚ್ಚಿನವರು ಮುಟ್ಟುವುದೇ ಇಲ್ಲ. ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ, ತಂತಿಯ ಅಡಿಯಿಂದ ಕಂಬದ ತಲೆಯವರೆಗೆ ಅಳೆಯಿರಿ: ಸಿಂಗಲ್ ಕಾಯಿಲ್‌ಗೆ ದಪ್ಪ ತಂತಿಯ ಕಡೆ 2 ಮಿ.ಮೀ., ಸಣ್ಣ ತಂತಿಯ ಕಡೆ 1.6. ಹಂಬಕರ್‌ಗೆ ಎರಡೂ ಕಡೆ 1.6. ಆಲ್ನಿಕೋ ಕಂಬಗಳನ್ನು ತೀರಾ ಹತ್ತಿರ ತಂದರೆ ಅಯಸ್ಕಾಂತವೇ ತಂತಿಯನ್ನು ಎಳೆಯುತ್ತದೆ. 12ನೇ ಫ್ರೆಟ್‌ನ ಮೇಲೆ ದಪ್ಪ ಇ ಮೀಟಿದರೆ ಒಂದೇ ಸ್ವರದಲ್ಲಿ ಎರಡು ಶ್ರುತಿ ಅಲೆಯಾಡಿದಂತೆ ಕೇಳುತ್ತದೆ. ಹಾಗೆ ಕೇಳಿದರೆ ಅರ್ಧ ಸುತ್ತು ಇಳಿಸಿ, ಮತ್ತೆ ಕೇಳಿ.

ನಮ್ಮ ಹವೆಗೆ ಇದು ಒಮ್ಮೆ ಮಾಡಿ ಮುಗಿಯುವ ಕೆಲಸವಲ್ಲ. ಶಿವರಾತ್ರಿ ಕಳೆದು ಬಿಸಿಲೇರಿದಾಗ ಒಮ್ಮೆ, ಮುಂಗಾರು ನೆಲೆಯೂರಿದ ಮೇಲೆ ಒಮ್ಮೆ ನೆಕ್ ಅಳೆಯಿರಿ. ಕರಾವಳಿ, ಮಲೆನಾಡಿನಲ್ಲಿ ಮಳೆಗಾಲಕ್ಕೆ ಕೇಸಿನೊಳಗೆ ಸಿಲಿಕಾ ಜೆಲ್ ಇಡಿ, ಬಯಲುಸೀಮೆಯ ಬೇಸಿಗೆಯಲ್ಲಿ ಗಿಟಾರನ್ನು ಗೋಡೆಗೆ ತೂಗುಬಿಡದೆ ಕೇಸಿನಲ್ಲೇ ಇಡಿ. ತೇವಾಂಶ 45ರಿಂದ 55 ಶೇಕಡಾ ಇದ್ದರೆ ಮರ ನೆಮ್ಮದಿಯಾಗಿರುತ್ತದೆ.

ಅಗ್ಗದ ಗಿಟಾರ್‌ನಲ್ಲಿ ಏನನ್ನು, ಯಾವ ಕ್ರಮದಲ್ಲಿ ಬದಲಿಸಬೇಕು

ದುಡ್ಡು ಮೊದಲು ಫ್ರೆಟ್ ಲೆವಲಿಂಗ್‌ಗೆ ಮತ್ತು ನಟ್‌ಗೆ ಹೋಗಲಿ. ಮೂಳೆಯ ನಟ್ ಆಗಲಿ ಗ್ರ್ಯಾಫೈಟ್ ಆಗಲಿ, ಸೀಳು ಸರಿಯಾಗಿ ಕೊರೆದಿರುವುದು ವಸ್ತುವಿಗಿಂತ ಮುಖ್ಯ. ಎರಡನೆಯದು ಪಿಕಪ್, ಅದೂ ಮೇಲಿನ ಎತ್ತರಗಳನ್ನೆಲ್ಲ ಪ್ರಯತ್ನಿಸಿದ ಮೇಲೆ. ಮೂರನೆಯದು ಪಾಟ್, ಸ್ವಿಚ್, ಜ್ಯಾಕ್. ಸಿಂಗಲ್ ಕಾಯಿಲ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500. 250 ಎಂದು ಬರೆದದ್ದು ನಿಜದಲ್ಲಿ 200ರಿಂದ 300ರ ನಡುವೆ ಎಲ್ಲಾದರೂ ಇರಬಹುದು, ಹಾಗಾಗಿ ಬೆಸುಗೆ ಹಾಕುವ ಮುನ್ನ ಅಳೆಯಿರಿ. ಹೆಚ್ಚಿದ್ದಷ್ಟೂ ಸದ್ದು ಚುರುಕು.

ಇಲ್ಲಿ ತಯಾರಿಯ ದೇಶ ನಿಜವಾಗಿ ಲೆಕ್ಕಕ್ಕೆ ಬರುತ್ತದೆ, ಅಳತೆಯ ವಿಷಯದಲ್ಲಿ. ಅಮೆರಿಕದ ಸಿಟಿಎಸ್ ಪಾಟ್‌ನ ಕುತ್ತಿಗೆಗೆ 9.5 ಮಿ.ಮೀ. ರಂಧ್ರ ಬೇಕು, ಏಷ್ಯಾದ ಗಿಟಾರ್‌ಗಳ ಪಿಕ್‌ಗಾರ್ಡ್‌ನಲ್ಲಿ 7 ಅಥವಾ 8 ಇರುತ್ತದೆ. ಡ್ರಿಲ್ ಹಿಡಿದು ಒತ್ತಿದರೆ ಪ್ಲಾಸ್ಟಿಕ್ ಸೀಳುತ್ತದೆ, ಕೋನಾಕಾರದ ರೀಮರ್‌ನಿಂದ ಕೈಯಲ್ಲೇ ಅಗಲಿಸಿ. ತಿರುಗಣೆ ಕೂರುವ ಹಲ್ಲುಗಳುಳ್ಳ ಪಾಟ್‌ನ ದಂಡದಲ್ಲೂ ಸಿಟಿಎಸ್‌ಗೆ 24 ಹಲ್ಲು, ಏಷ್ಯಾದ್ದಕ್ಕೆ 18, ಹಳೆಯ ತಿರುಗಣೆಗಳು ಕೂರುವುದಿಲ್ಲ. ಬ್ರಿಡ್ಜ್‌ನಲ್ಲೂ ಹೀಗೆಯೇ: ಹಳೆಯ ಅಮೆರಿಕದ ಅಳತೆಯಲ್ಲಿ ಮೊದಲ ಮತ್ತು ಆರನೆಯ ಸ್ಕ್ರೂಗಳ ನಡುವೆ 56 ಮಿ.ಮೀ., ಬೇರೆಡೆಯವು 52–54ರ ಹತ್ತಿರ. ಬಿಡಿಭಾಗ ತರಿಸುವ ಮುನ್ನ ನಿಮ್ಮ ಗಿಟಾರ್‌ನ ರಂಧ್ರಗಳನ್ನು ಸ್ಕೇಲಿನಿಂದ ಅಳೆದು ಬರೆದಿಡಿ.

ಈ ಎಲ್ಲ ಖರ್ಚನ್ನೂ ಕೂಡಿಸಿ ನೋಡಿದಾಗ ಅದು ಮುಂದಿನ ದರ್ಜೆಯ ಗಿಟಾರ್‌ನ ಬೆಲೆಗೆ ಮುಟ್ಟಿದರೆ ಬದಲಾಯಿಸುವ ಯೋಚನೆ ಬಿಡಿ, ಮುಂದಿನದನ್ನೇ ಕೊಳ್ಳಿ. ಮಾರುವಾಗ ಹೊಸ ಬಿಡಿಭಾಗಗಳ ಬೆಲೆ ವಾಪಸು ಬರುವುದಿಲ್ಲ, ಹಳೆಯ ಭಾಗಗಳನ್ನು ಒಂದು ಡಬ್ಬಿಯಲ್ಲಿ ಎತ್ತಿಡಿ.

ಎರಡು ಗಿಟಾರ್‌ಗಳನ್ನು ಹೋಲಿಸುವಾಗ ಒಂದೇ ಕೇಬಲ್, ಒಂದೇ ಆಂಪ್, ಒಂದೇ ಗೇಜಿನ ಅಷ್ಟೇ ಹೊಸ ತಂತಿ, ಪಿಕಪ್ ಎತ್ತರ ಎರಡರಲ್ಲೂ ಅಳೆದದ್ದು. ಸದ್ದಿನ ಮಟ್ಟ ಸಮ ಮಾಡಿ, ಏಕೆಂದರೆ ಜೋರಾಗಿ ಕೇಳುವುದು ಕಿವಿಗೆ ಯಾವಾಗಲೂ ಚೆನ್ನಾಗಿ ಕೇಳುತ್ತದೆ. ಗೆಳೆಯರೊಬ್ಬರು ಬೆನ್ನು ತಿರುಗಿಸಿ ಕೂರಲಿ, ನೀವು ಒಂದೇ ಸಾಲನ್ನು ಎರಡರಲ್ಲೂ ಹತ್ತು ಸಲ, ಕ್ರಮ ಬದಲಿಸುತ್ತ ನುಡಿಸಿ, ಅವರು ಯಾವುದು ಯಾವುದೆಂದು ಚೀಟಿಯಲ್ಲಿ ಬರೆಯುತ್ತ ಹೋಗಲಿ. ಆಮೇಲೆ ಜಾಗ ಬದಲಿಸಿಕೊಳ್ಳಿ.